ಒಂಬತ್ತನೇ ತಾರೀಕಿನ ಕರಪತ್ರ

ಕಳೆದ ತಿಂಗಳು ತಂಗಿಯ ಮಗಳ ಮದುವೆ ಕಾಗದ ಮಾಡಿಸಲು ಸಾಗರಕ್ಕೆ ಹೋಗಿದ್ದೆ. ನಾನು ಹಿಂದೆ ಕರಡು ತಿದ್ದುತ್ತಿದ್ದ ಅಚ್ಚಿನಮನೆಯ ಜಾಗದಲ್ಲಿ ಈಗ ಫ್ಲೆಕ್ಸ್ ಅಂಗಡಿ ಇದೆ. ಒಳಗೆ ಕಾಲಿಟ್ಟದ್ದೇ ತಡ, ಪ್ಲಾಸ್ಟಿಕ್ ಬಟ್ಟೆಯ ಮೇಲೆ ಬಣ್ಣ ಒಣಗುವ ವಾಸನೆ ಮೂಗಿಗೆ ಬಡಿಯಿತು, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನೆಲದ ಮೇಲೆ ಒಬ್ಬ ಯುವ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸ್ ಹಾಸಿತ್ತು. ಕೈಮುಗಿದು ನಿಂತ ಅವನ ಸುತ್ತ ಶುಭ ಕೋರುವವರ ದುಂಡು ದುಂಡು ಮುಖಗಳು. ಪಕ್ಕದಲ್ಲಿ ಇನ್ನೊಬ್ಬರ ಶ್ರದ್ಧಾಂಜಲಿ. ಎರಡಕ್ಕೂ ಒಂದೇ ಹೂವಿನ ಚೌಕಟ್ಟು. ಹುಟ್ಟಿದವನಿಗೂ ಸತ್ತವನಿಗೂ ಒಂದೇ ಅಚ್ಚು ಸಾಕು ಎನ್ನುವ ಮಟ್ಟಕ್ಕೆ ನಾವು ಬಂದಿದ್ದೇವೆ.

ಅಂಗಡಿಯ ಹುಡುಗಿ ನನ್ನ ಮುಖ ನೋಡಿ ನೀರು ಕೊಟ್ಟಳು. ವಾಸನೆಗೆ ಹಾಗಾಯಿತು ಅಂದೆ. ಅದು ಪೂರ್ತಿ ನಿಜವಲ್ಲ. ಓದುವವರು ಹೋದರು, ಅಚ್ಚಿನ ಮರ್ಯಾದೆ ಹೋಯಿತು ಎಂದು ನನ್ನ ವಯಸ್ಸಿನವರೆಲ್ಲ ಗೋಳಾಡುತ್ತಾರೆ. ನನಗೆ ಆ ಮರ್ಯಾದೆ ಎಂಬ ಪದ ಕೇಳಿದರೂ ಅಸಹ್ಯ. ಅಚ್ಚಿಗೆ ಇನ್ನೂ ಎಷ್ಟು ಮರ್ಯಾದೆ ಉಳಿದಿದೆ, ಅದು ಎಂಥ ಕೆಲಸ ಮಾಡುತ್ತದೆ ಎಂದು ಇದೇ ಗೋಡೆಗಳ ಒಳಗೆ ಒಂದು ಮಳೆಗಾಲದಲ್ಲಿ ನೋಡಿದ್ದೇನೆ. ಅದಾದ ಮೇಲೆ ನಾನು ಯಾರ ಕರಡನ್ನೂ ತಿದ್ದಿಲ್ಲ.

ಕೊರೊನಾ ಮುಗಿದು ಸಭೆ ಸಮಾರಂಭಗಳು ಮತ್ತೆ ಶುರುವಾದ ವರ್ಷ ಅದು. ಎರಡು ವರ್ಷ ಸನ್ಮಾನವಿಲ್ಲದೆ ಒಣಗಿದ್ದ ಹೆಗಲುಗಳು ಶಾಲಿಗಾಗಿ ಹಾತೊರೆಯುತ್ತಿದ್ದವು. ಅಚ್ಚಿನಮನೆಯ ಮಾಲೀಕರು ಸುಬ್ರಾಯಣ್ಣ, ಮೂರನೇ ತಲೆಮಾರಿನವರು. ನಾನು ತೀರ್ಥಹಳ್ಳಿಯವಳು, ಟೈಲರ್ ಮಗಳು. ಕಾಲೇಜಿನ ತಾತ್ಕಾಲಿಕ ಕೆಲಸ ಹೋದ ಮೇಲೆ ಅಲ್ಲಿ ಕರಡು ತಿದ್ದಲು ಸೇರಿ ಆಗಲೇ ಹನ್ನೊಂದು ವರ್ಷವಾಗಿತ್ತು. ಆಷಾಢದ ಮೊದಲ ವಾರ ಒಂದು ಸಮಿತಿಯವರು ಬಂದರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಮುದ್ರಣದ ಇತಿಹಾಸ ಹೇಳುವ ದೊಡ್ಡ ಪುಸ್ತಕವೊಂದನ್ನು ತರಬೇಕು, ಶ್ರಾವಣದಲ್ಲಿ ಬಿಡುಗಡೆ ಆಗಬೇಕು ಅಂದರು. ಮಲೆನಾಡಿನಲ್ಲಿ ಆಷಾಢದಲ್ಲಿ ಪುಸ್ತಕ ಅಚ್ಚು ಹಾಕಿಸುವವನಿಗೆ ಒಂದೋ ಬುದ್ಧಿ ಇರುವುದಿಲ್ಲ, ಇಲ್ಲವೇ ಮಂತ್ರಿಗಳ ಗುರುತಿರುತ್ತದೆ. ಇವರಿಗೆ ಎರಡನೆಯದು ಇತ್ತು.

ಆ ತಿಂಗಳು ಕಾಗದಕ್ಕೆ ಮೈತುಂಬ ನೆಗಡಿ. ರೀಮುಗಳ ಅಂಚು ಮುದುಡುತ್ತಿತ್ತು, ಯಂತ್ರ ಒಂದರ ಬದಲು ಎರಡು ಹಾಳೆ ಎಳೆಯುತ್ತಿತ್ತು, ಹಾಕಿದ ಮಸಿ ಎರಡು ದಿನವಾದರೂ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತಿತ್ತು. ಸುಬ್ರಾಯಣ್ಣ ಕಾಗದದ ಕಟ್ಟುಗಳ ಸುತ್ತ ದೊಡ್ಡ ಬಲ್ಬು ಇಳಿಬಿಟ್ಟು, ಬಾಣಂತಿ ಕೋಣೆಯ ಹಾಗೆ ಬಾಗಿಲು ಮುಚ್ಚಿಟ್ಟಿದ್ದರು. ಕರೆಂಟು ಹೋದರೆ ಎಲ್ಲರೂ ಸುಮ್ಮನೆ ಕೂತು ಮಳೆ ಕೇಳಬೇಕು.

ಪುಸ್ತಕದ ಪ್ರಧಾನ ಸಂಪಾದಕರು ಒಬ್ಬ ನಿವೃತ್ತ ಪ್ರಾಂಶುಪಾಲರು. ತಮ್ಮನ್ನು ಎಲ್ಲರೂ 'ಡಾಕ್ಟರೇ' ಎಂದು ಕರೆಯಬೇಕೆಂದು ಅವರ ಆಸೆ. ಹೆಸರಿನ ಹಿಂದಿನ 'ಡಾ.' ಒಂದು ಕಡೆ ಬಿಟ್ಟುಹೋಗಿದ್ದಕ್ಕೆ ಮೂರು ಸಲ ಫೋನು ಮಾಡಿದ್ದರು. ಮೊದಲು ಬಂದದ್ದು ಶುಭಸಂದೇಶಗಳು. ಮೂವತ್ತೆರಡು ಪುಟ, ಅಷ್ಟೂ ಬಣ್ಣದಲ್ಲಿ. ಎಲ್ಲರಿಗೂ 'ತಿಳಿದು ಅತೀವ ಸಂತಸವಾಗಿದೆ'. ಏನು ತಿಳಿಯಿತು, ಯಾಕೆ ಸಂತಸ, ಒಬ್ಬರಿಗೂ ಗೊತ್ತಿಲ್ಲ. ಇಬ್ಬರ ಸಂದೇಶದಲ್ಲಿ ಇದನ್ನು ಕ್ರಿಕೆಟ್ ಕ್ರೀಡಾಕೂಟದ ಸ್ಮರಣ ಸಂಚಿಕೆ ಎಂದೇ ಬರೆದಿತ್ತು. ನಾನು ಹೊಡೆದುಹಾಕಿ ಸರಿ ಮಾಡಿದೆ. ಈಗ ಅನ್ನಿಸುತ್ತದೆ, ಹಾಗೇ ಬಿಡಬೇಕಿತ್ತು.

ಆದರೂ ಒಳಗಿನ ಸರಕು ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ತೀರ್ಥಹಳ್ಳಿಯ ಒಂದು ಅಟ್ಟದಿಂದ ಯಕ್ಷಗಾನದ ಆಟದ ಕರಪತ್ರಗಳು ಬಂದವು, ಹಳದಿ ಕೆಂಪು ಕಾಗದದಲ್ಲಿ. ಸಿಗಂದೂರಿನ ದಾರಿಯ ಅಂಗಡಿಯೊಂದರಿಂದ ಹಳೆಯ ಪಂಚಾಂಗ. ಮಾಸ್ತಿಕಟ್ಟೆಯಲ್ಲಿ ಅಣೆಕಟ್ಟಿನ ಕೆಲಸಗಾರರು ಹಂಚಿದ್ದ ನೋಟೀಸು. ಜನ ಅಚ್ಚಾದ ಕಾಗದವನ್ನು ಎಷ್ಟು ಜೋಪಾನ ಮಾಡಿದ್ದರು ಎಂದು ನೋಡಿ ನನಗೇ ಆಶ್ಚರ್ಯವಾಗಿತ್ತು. ಆಟದ ಕರಪತ್ರವನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟವರಿದ್ದರು.

ಇದೆಲ್ಲದರ ನಡುವೆ ಗಾಮಪ್ಪ ಬಂದರು. ಎಪ್ಪತ್ತು ದಾಟಿದ್ದ ಸಣಕಲು ಜೀವ, ಬಲಗೈ ಬೆರಳುಗಳ ತುದಿ ಚಪ್ಪಟೆ. ಸುಬ್ರಾಯಣ್ಣನ ತಂದೆಯ ಕಾಲದಲ್ಲಿ ಇದೇ ಅಚ್ಚಿನಮನೆಯಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದವರು. ಹೊಸನಗರದ ಕಡೆಯ ಗೇಣಿ ಒಕ್ಕಲಿನ ಮನೆಯವರು. ಉಳುವವನಿಗೆ ಭೂಮಿ ಎಂಬ ಕಾನೂನು ಬಂದಾಗ ಅವರ ಅಪ್ಪನಿಗೆ ಉತ್ತ ನೆಲ ಸಿಕ್ಕಿತ್ತು. ಹಳೆಯ ಕೆಲಸಗಾರರ ಅನುಭವ ಬೇಕು ಎಂದು ಸಮಿತಿಯವರೇ ಅವರನ್ನು ಕೇಳಿದ್ದರು. ಗಾಮಪ್ಪ ಶಾಲೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಹನ್ನೊಂದು ಪುಟ ಬರೆದು ತಂದಿದ್ದರು.

"ಅಕ್ಷರ ನೆಟ್ಟಗಿಲ್ಲ ಕಣಮ್ಮ. ಜೋಡ್ಸಿದ್ದೇ ಜಾಸ್ತಿ, ಬರ್ದಿದ್ದು ಕಮ್ಮಿ," ಅಂದರು.

ಮೊದಲ ಏಳು ಪುಟ ಕೆಲಸದ ವಿವರ. ಮೊಳೆಗಳ ಗೂಡು, ಅಕ್ಷರವನ್ನು ತಿರುವುಮುರುವಾಗಿ ಓದುವ ಅಭ್ಯಾಸ, ಮಸಿ ತೊಳೆಯುವ ಸೀಮೆಎಣ್ಣೆ. ಎಂಟನೇ ಪುಟದಿಂದ ಬೇರೆಯೇ ವಿಷಯ. ನಾನು ಅದನ್ನು ಎರಡು ಸಲ ಓದಿದೆ.

ಭೂಮಿಯ ಅರ್ಜಿಗಳ ವಿಚಾರಣೆ ನಡೆಯುತ್ತಿದ್ದ ಕಾಲ. ಯಾವ ಊರಿನವರು ಯಾವ ದಿನ ಹೊಸನಗರಕ್ಕೆ ಬಂದು ಹೇಳಿಕೆ ಕೊಡಬೇಕು ಎಂದು ತಿಳಿಸುವ ಕರಪತ್ರವೊಂದನ್ನು ರೈತರ ಪರವಾಗಿದ್ದವರು ಮಾಡಿಸಿದ್ದರು. ಜೋಡಿಸಿದ್ದು ಗಾಮಪ್ಪ. ಹೊಳೆಯಾಚೆಯ ಒಂದು ಕೇರಿಗೆ ಆರನೇ ತಾರೀಕು. ಆರರ ಗೂಡಿಗೆ ಕೈಹಾಕಿ ಮೊಳೆ ತೆಗೆದು ಜೋಡಿಸಿದರು. ಆ ಗೂಡಿನಲ್ಲಿ ಒಂದು ಒಂಬತ್ತು ಬಿದ್ದಿತ್ತು. ಹಿಂದಿನ ದಿನ ಆಟದ ಕರಪತ್ರಕ್ಕೆ ಜೋಡಿಸಿದ್ದನ್ನು ಬಿಚ್ಚಿ ಮೊಳೆಗಳನ್ನು ಗೂಡಿಗೆ ಹಾಕಿದ್ದೂ ಅವರೇ. ಆಟ ನೋಡಲು ಹೋಗುವ ಆತುರದಲ್ಲಿ ಬೇಕಾಬಿಟ್ಟಿ ಹಾಕಿದ್ದರು. ಕರಡು ನೋಡಿದ ಮಾಲೀಕರಿಗೂ ಗೊತ್ತಾಗಲಿಲ್ಲ. ಒಂಬತ್ತನೇ ತಾರೀಕು ಎಂದೇ ಅಚ್ಚಾಯಿತು.

ಆ ಕೇರಿಯಲ್ಲಿ ಮೂರೇ ಮನೆ. ಇಬ್ಬರಿಗೆ ಓದು ಬರುತ್ತಿರಲಿಲ್ಲ. ಅವರು ಬಾಯಿಮಾತಿನಲ್ಲಿ ವಿಚಾರಿಸಿಕೊಂಡು ಆರಕ್ಕೆ ಹೋದರು. ಮೂರನೆಯವನು ಮಂಜಪ್ಪ. ಅವನಿಗೆ ಓದು ಬರುತ್ತಿತ್ತು. ನೆರೆಯವರು ಕರೆದರೂ, ಕಾಗದದಲ್ಲಿ ಒಂಬತ್ತು ಅಂತಿದೆ, ನಿಮಗೇನು ಗೊತ್ತು ಎಂದು ನಕ್ಕು, ಒಂಬತ್ತಕ್ಕೆ ಹೋದ. ಆ ಹೊತ್ತಿಗೆ ಎದುರು ಕಡೆಯ ಭೂಮಾಲೀಕರ ಮಾತು ಕೇಳಿ ಅವನ ಕಡತ ಮುಚ್ಚಿತ್ತು. ತೋರಿಸಿದ ಕರಪತ್ರವನ್ನು ಯಾರೋ ಇಸಿದುಕೊಂಡವರು ವಾಪಸು ಕೊಡಲಿಲ್ಲ. ಮೇಲೆ ಹೋಗಿ ಕೇಳುವ ತ್ರಾಣ ಅವನಿಗಿರಲಿಲ್ಲ. ಗದ್ದೆ ಹೋಯಿತು. ಗಂಡ ಹೆಂಡತಿ ರಿಪ್ಪನ್‌ಪೇಟೆಗೆ ಬಂದು ಕೂಲಿಗೆ ನಿಂತರು. ಕುಡಿದು ತಾರೀಕು ಮರೆತ ಎಂದು ಊರು ಮಾತಾಡಿತು. ಹೆಂಡತಿ ನಾಗಮ್ಮನೂ ಅದನ್ನೇ ನಂಬಿದಳು. ಒಂಬತ್ತೇ ಇತ್ತು ಎಂದು ಹೇಳುತ್ತಲೇ ಮಂಜಪ್ಪ ಸತ್ತ.

ಅಚ್ಚಿನಮನೆಯಲ್ಲಿ ಪ್ರತಿ ಕೆಲಸದ ಒಂದು ಪ್ರತಿಯನ್ನು ತಂತಿಗೆ ಚುಚ್ಚಿಡುವ ಪದ್ಧತಿ. ಸುದ್ದಿ ಕಿವಿಗೆ ಬಿದ್ದ ದಿನ ಗಾಮಪ್ಪ ಆ ಪ್ರತಿ ತೆಗೆದು ನೋಡಿದರು. ನೋಡಿದವರು ಯಾರಿಗೂ ಹೇಳದೆ ಮಡಚಿ ಮನೆಗೆ ಒಯ್ದರು. ಸುಮಾರು ಐವತ್ತು ವರ್ಷ ಅದು ಅವರ ಪೆಟ್ಟಿಗೆಯ ತಳದಲ್ಲಿತ್ತು. ಬರಹದ ಕೊನೆಯ ಸಾಲು ಹೀಗಿತ್ತು: ಮಂಜಪ್ಪ ಸರಿಯಾಗಿಯೇ ಓದಿದ್ದ, ತಪ್ಪು ಜೋಡಿಸಿದ್ದು ನಾನು.

ಗಾಮಪ್ಪ ನೋಟ್‌ಬುಕ್ಕಿನೊಳಗಿನಿಂದ ಆ ಕರಪತ್ರ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಯ ಜಾಗದಲ್ಲಿ ಹರಿದಿತ್ತು. ಒಂಬತ್ತು ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು.

"ನಾಗಮ್ಮನಿಗೆ ಬಾಯಲ್ಲೇ ಹೇಳಬಹುದಿತ್ತಲ್ಲ," ಅಂದೆ.

"ಹೇಳ್ಬೇಕು ಅಂತ ಎಷ್ಟ್ ಸಲ ರಿಪ್ಪನ್‌ಪೇಟೆ ಬಸ್ ಹತ್ತಿದೀನೋ. ಅವ್ರ ಮನೆ ಬಾಗಿಲಿಗೆ ಹೋಗಿ ನೀರು ಕುಡ್ದು ವಾಪಸ್ ಬಂದಿದೀನಿ. ಬಾಯಿ ಬರಲ್ಲಮ್ಮ. ಅಚ್ಚಲ್ಲಿ ಆದ ತಪ್ಪು, ಅಚ್ಚಲ್ಲೇ ತಿದ್ಬೇಕು. ಊರವ್ರೂ ಓದ್ಲಿ."

ಪುಸ್ತಕಗಳ ಕೊನೆಯಲ್ಲಿ ತಪ್ಪು–ಒಪ್ಪು ಎಂದು ಒಂದು ಪುಟ ಇರುತ್ತದಲ್ಲ, ಅವರಿಗೆ ಬೇಕಾಗಿದ್ದದ್ದು ಅಷ್ಟೇ. ನಾನು ಅವತ್ತೇ ಅದನ್ನು ಕಂಪ್ಯೂಟರಿನಲ್ಲಿ ಕೂರಿಸಿದೆ. ಒಂದು ವಾಕ್ಯವನ್ನೂ ಮುಟ್ಟಲಿಲ್ಲ.

ನಾಲ್ಕು ದಿನ ಬಿಟ್ಟು ಪ್ರಧಾನ ಸಂಪಾದಕರು ಬಂದರು. ಏಲಕ್ಕಿ ಬಾಯಿಗೆ ಹಾಕಿಕೊಂಡು ಎಂಟನೇ ಪುಟದಿಂದ ಕೊನೆಯವರೆಗೆ ಕೆಂಪು ಪೆನ್ನಿನಲ್ಲಿ ಒಂದೇ ಗೀಟು ಎಳೆದರು.

"ಇದು ಸಂಭ್ರಮದ ಪುಸ್ತಕ. ಅಚ್ಚು ಬಂದು ರೈತ ಉದ್ಧಾರ ಆದ ಅಂತ ನಾನು ಪ್ರಸ್ತಾವನೇಲಿ ಬರ್ದಿದೀನಿ. ಒಳಗೆ ನೋಡಿದ್ರೆ ಅಚ್ಚಿಂದ ಗದ್ದೆ ಹೋಯ್ತು ಅಂತ. ಹೇಗಮ್ಮ ಹೊಂದತ್ತೆ?"

"ಅದನ್ನ ಹೇಳೋಕೇ ಅವರು ಬರ್ದಿದ್ದು ಸರ್."

"ಡಾಕ್ಟರೇ ಅನ್ನಿ. ನೋಡಿ, ಗಾಮಪ್ಪನ ಹೆಸರು ಹಾಗೇ ಇರತ್ತೆ, ಲೇಖನ ಇರತ್ತೆ, ಕರಪತ್ರದ ಫೋಟೋನೂ ದೊಡ್ಡದಾಗಿ ಹಾಕ್ತೀವಿ. ವೇದಿಕೆ ಮೇಲೆ ಸನ್ಮಾನಾನೂ ಇದೆ. ಇನ್ನೇನು ಬೇಕು ಅವ್ರಿಗೆ?"

ಕರಪತ್ರವನ್ನು ಸ್ಕ್ಯಾನ್ ಮಾಡಿಸುತ್ತೇನೆ ಎಂದು ಕಡತದೊಳಗೆ ಹಾಕಿಕೊಂಡು ಹೋದರು. ನಾನು ಸುಬ್ರಾಯಣ್ಣನ ಹತ್ತಿರ ಹೋಗಿ, ಇದು ಮೋಸ ಅಂದೆ. ಅವರು ಒಳ್ಳೆಯ ಮನುಷ್ಯ, ಒಳ್ಳೆಯವರಿಗೆ ಇರುವ ಹೇಡಿತನವೆಲ್ಲ ಅವರಿಗೂ ಇತ್ತು. ಗಾಬರಿಯಾದರೆ ಮನೆಮಾತು ಬರುತ್ತಿತ್ತು.

"ಎಂತ ಮಾಡದು ಮಾರಾಯ್ತಿ, ಮಂತ್ರಿಗಳ ತಾರೀಕು ಸಿಕ್ಕಿದ್ದು. ಇನ್ನು ತಡ ಮಾಡಲೆ ಬತ್ತಿಲ್ಲೆ."

ಅಲ್ಲಿಯ ನಿಯಮ ಏನೆಂದರೆ, ಕೊನೆಯ ಕರಡಿನ ಮೇಲೆ ತಿದ್ದುವವರು 'ಅಚ್ಚಿಗೆ ಸಿದ್ಧ' ಎಂದು ಬರೆದು ಸಹಿ ಹಾಕದೆ ಯಂತ್ರ ತಿರುಗುವುದಿಲ್ಲ. ಸುಬ್ರಾಯಣ್ಣನ ಅಜ್ಜ ಮಾಡಿದ ನಿಯಮ. ನಾನು ಎರಡು ದಿನ ಸಹಿ ಹಾಕಲಿಲ್ಲ. ಆ ಎರಡು ದಿನದ ಬಗ್ಗೆ ಬಹಳ ಕಾಲ ಹೆಮ್ಮೆಪಟ್ಟುಕೊಂಡಿದ್ದೆ, ಅದಕ್ಕೂ ಈಗ ನಾಚಿಕೆ. ಮೂರನೇ ದಿನ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ಮಾತು ಹೋದರೇನು, ಕರಪತ್ರದ ಫೋಟೋ ಇದೆಯಲ್ಲ, ಅದರಲ್ಲಿ ಒಂಬತ್ತು ಇದೆಯಲ್ಲ. ನಾಗಮ್ಮನಿಗೆ ಬೇಕಾದದ್ದು ಅಷ್ಟೇ. ಮಂಜಪ್ಪ ಸುಳ್ಳು ಹೇಳಿರಲಿಲ್ಲ ಎಂದು ಆ ಒಂದು ಅಂಕಿಯಿಂದಲೇ ಗೊತ್ತಾಗುತ್ತದೆ. ಹೀಗೆ ಲೆಕ್ಕ ಹಾಕಿ ಸಹಿ ಹಾಕಿದೆ.

ಕೊನೆಯ ಕರಡಿನಲ್ಲಿ ಫೋಟೋಗಳೂ ಕೂತಿದ್ದವು. ನಾನು ನೋಡಲಿಲ್ಲ. ನಮ್ಮ ಕಸುಬಿನಲ್ಲಿ ಚಿತ್ರದೊಳಗಿನ ಅಕ್ಷರವನ್ನು ಯಾರೂ ಓದುವುದಿಲ್ಲ. ಚಿತ್ರ ಎಂದರೆ ಚೌಕ, ಅದು ನೆಟ್ಟಗಿದೆಯೇ, ಕೆಳಗಿನ ಸಾಲು ಸರಿಯಿದೆಯೇ, ಅಷ್ಟೇ. ಹನ್ನೊಂದು ವರ್ಷದ ಅಭ್ಯಾಸ, ಕಣ್ಣು ಚೌಕ ಬಂದ ಕೂಡಲೇ ಹಾರಿ ಮುಂದೆ ಹೋಯಿತು.

ಸಹಿ ಹಾಕಿದ ಸಂಜೆಯೇ ಗಾಮಪ್ಪ ಕೊಡೆ ಕೊಡವುತ್ತ ಬಂದರು.

"ನಂದು ಪೂರ್ತಿ ಬಂತಾ ಅಮ್ಮ?"

"ಬಂತು," ಅಂದೆ.

"ನಾಗಕ್ಕನಿಗೆ ಹೇಳಿ ಬಂದಿದೀನಿ, ಬಿಡುಗಡೆ ದಿನ ಬನ್ನಿ, ಮಂಜಪ್ಪಣ್ಣನ ವಿಷ್ಯ ಪುಸ್ತಕದಲ್ಲಿದೆ ಅಂತ. ಎಂತದು ಅಂತ ಹೇಳಿಲ್ಲ. ಓದಿ ಆದ್ಮೇಲೆ ಎದ್ರಿಗೆ ನಿಂತ್ಕಂಡು ಬೈಸ್ಕಳ್ತೀನಿ."

ಅವರ ಮುಖದಲ್ಲಿ ಅಂಥ ಹಗುರ ನಾನು ಅದುವರೆಗೆ ಕಂಡಿರಲಿಲ್ಲ. ಆಗಲಾದರೂ ನಿಜ ಹೇಳಬಹುದಿತ್ತು. ಯಂತ್ರ ಇನ್ನೂ ಶುರುವಾಗಿರಲಿಲ್ಲ. ಹೇಳಿದರೆ ಅವರು ಗಲಾಟೆ ಮಾಡುತ್ತಾರೆ, ಕೆಲಸ ನಿಲ್ಲುತ್ತದೆ, ಸುಬ್ರಾಯಣ್ಣ ನನ್ನ ಮುಖ ನೋಡುತ್ತಾರೆ ಎಂಬ ಹೆದರಿಕೆ. ಚಹಾ ತರಿಸಿಕೊಟ್ಟು ಕಳಿಸಿದೆ.

ಬಿಡುಗಡೆ ರಿಪ್ಪನ್‌ಪೇಟೆಯ ಒಂದು ಸಭಾಭವನದಲ್ಲಿ. ಹೊರಗೆ ಜಡಿಮಳೆ, ಒಳಗೆ ಒದ್ದೆ ಕೊಡೆ, ಉಪ್ಪಿಟ್ಟು, ನುಸಿಗುಳಿಗೆ ಹಾಕಿಟ್ಟ ಶಾಲುಗಳ ವಾಸನೆ. ಮಂತ್ರಿಗಳು ಬರಲಿಲ್ಲ. ಅವರಿಗೆ ಅತೀವ ಸಂತಸವಾಗಿದೆ ಎಂದು ಅವರ ಆಪ್ತರು ಹೇಳಿದರು. ಭಾಷಣ ಮಾಡಿದ ಏಳು ಮಂದಿಯಲ್ಲಿ ಪುಸ್ತಕ ಬಿಚ್ಚಿ ನೋಡಿದವರು ಒಬ್ಬರೂ ಇಲ್ಲ. ಅಕ್ಷರ ಜ್ಯೋತಿ, ಅಕ್ಷರ ಕ್ರಾಂತಿ, ಅಕ್ಷರ ದಾಸೋಹ ಎಂದು ಒಬ್ಬರಾದ ಮೇಲೆ ಒಬ್ಬರು ಉರುಳಿಸಿದರು. ಗಾಮಪ್ಪನಿಗೆ ಶಾಲು ಹೊದಿಸಿ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ ಕೊಟ್ಟು, ಪುಸ್ತಕ ಹಿಡಿಸಿ ಫೋಟೋ ತೆಗೆದರು. ಎರಡನೇ ಸಾಲಿನಲ್ಲಿ ನಾಗಮ್ಮ ಕೂತಿದ್ದರು, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಚೈತ್ರಾ.

ಗೋಡೆಯ ಹತ್ತಿರ ನಿಂತು ನಾನೂ ಒಂದು ಪ್ರತಿ ಬಿಡಿಸಿದೆ. ಮಸಿ ಇನ್ನೂ ಕೈಗೆ ಅಂಟುತ್ತಿತ್ತು. ಗಾಮಪ್ಪನ ಲೇಖನದ ಎದುರು ಪುಟದ ತುಂಬ ಕರಪತ್ರದ ಫೋಟೋ. ಹರಿದ ಮಡಿಕೆ ಮಾಯವಾಗಿತ್ತು. ಕಾಗದಕ್ಕೆ ಚಿನ್ನದಂಥ ಹಳದಿ ಬಣ್ಣ ಕೊಟ್ಟಿದ್ದರು. ಹೊಳೆಯಾಚೆಯ ಕೇರಿಯ ಮುಂದೆ ಒಂಬತ್ತು ಇರಲಿಲ್ಲ. ಆರು ಇತ್ತು.

ವೇದಿಕೆಯ ಪಕ್ಕದಲ್ಲಿ ಪ್ರಧಾನ ಸಂಪಾದಕರನ್ನು ಹಿಡಿದು ನಿಲ್ಲಿಸಿದೆ. ಅವರಿಗೆ ಸ್ವಲ್ಪವೂ ಅಳುಕಿಲ್ಲ.

"ಅದರಲ್ಲಿ ತಾರೀಕು ತಪ್ಪಿತ್ತು. ನಿಮ್ಮ ಕಣ್ಣಿಗೇ ಬಿದ್ದಿಲ್ಲ ನೋಡಿ, ನಾನೇ ಕಂಪ್ಯೂಟರಲ್ಲಿ ಸರಿ ಮಾಡಿಸ್ದೆ. ನಾಳೆ ಸಂಶೋಧನೆ ಮಾಡೋರಿಗೆ ತೊಂದ್ರೆ ಆಗ್ಬಾರ್ದಲ್ಲ."

"ಮೂಲ ಪ್ರತಿ ಎಲ್ಲಿದೆ?"

"ಸ್ಕ್ಯಾನ್ ಮಾಡೋವಾಗ ಪುಡಿಪುಡಿ ಆಯ್ತಂತೆ. ಎಸೆದಿರ್ತಾರೆ."

"ತಪ್ಪು–ಒಪ್ಪು ಚೀಟಿ ಒಂದು ಅಂಟಿಸೋಣ. ನಾನೇ ಕೂತು ಅಂಟಿಸ್ತೀನಿ, ಪ್ರತಿಯೊಂದಕ್ಕೂ."

"ಸರಿ ಇರೋದಕ್ಕೆ ತಿದ್ದುಪಡಿ ಎಂತದ್ದಮ್ಮ?" ಅಂದು ನಕ್ಕು, ಫೋಟೋಗೆ ಕರೆದರೆಂದು ಹೋದರು. ಆ ಏಲಕ್ಕಿಯ ವಾಸನೆ ನನ್ನ ಮುಖದ ಮೇಲೆ ಉಳಿಯಿತು. ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ, ಯಾಕೆಂದರೆ ಆ ಪುಟಕ್ಕೂ ಸೇರಿ ಸಹಿ ಹಾಕಿದ್ದು ಅವರಲ್ಲ.

ತಿರುಗಿ ನೋಡಿದರೆ ಗಾಮಪ್ಪ ಶಾಲಿನ ಸಮೇತ ಎರಡನೇ ಸಾಲಿಗೆ ಇಳಿದು ಬಂದು ನಾಗಮ್ಮನ ಎದುರು ನಿಂತಿದ್ದರು. ಪುಸ್ತಕ ಚೈತ್ರಾಳ ಮಡಿಲಲ್ಲಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಅವಳು ಓದಿ ಆಗಿತ್ತು.

"ತಾರೀಕು ಇನ್ನೊಂದ್ಸಲ ಓದೇ," ಅಂದರು ನಾಗಮ್ಮ.

"ಆರನೇ ತಾರೀಕು ಅಂತಾನೇ ಇದೆ ಅಜ್ಜಿ."

ನಾಗಮ್ಮ ಆ ಪುಟದ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು: "ಸಾಯೋ ಹೊತ್ತಲ್ಲೂ ಒಂಬತ್ತು ಅಂತಾನೇ ಅಂದ್ರು. ನಂಗೂ ಒಂದೊಂದ್ಸಲ ಅನ್ಸೋದು, ಇಷ್ಟ್ ಹೇಳ್ತಾರಲ್ಲ, ನಿಜಾನೇ ಇರ್ಬೌದಾ ಅಂತ."

ಗಾಮಪ್ಪ ಪುಸ್ತಕ ಕಸಿದುಕೊಂಡರು. ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಅವರ ಲೇಖನ ನೋಟ್‌ಬುಕ್ಕಿನ ಏಳನೇ ಪುಟದ ಸೀಮೆಎಣ್ಣೆಯ ಮಾತಿಗೆ ಮುಗಿದಿತ್ತು. ಕರಪತ್ರದ ಕೆಳಗೆ 'ಲೇಖಕರೇ ಸ್ವತಃ ಜೋಡಿಸಿದ್ದು' ಎಂಬ ಸಾಲು. ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನಾಗಮ್ಮನ ಕಡೆ ತಿರುಗಿದರು.

"ನಾಗಕ್ಕ, ಒಂಬತ್ತೇ ಇತ್ತು. ನಾನೇ ತಪ್ಪು ಜೋಡ್ಸಿದ್ದು. ಮಂಜಪ್ಪಣ್ಣ ಸರಿಯಾಗೇ ಓದಿದ್ರು. ಕಾಗ್ದ ನನ್ ಪೆಟ್ಟಿಗೇಲೇ ಇತ್ತು, ಇವ್ರಿಗೆ ಕೊಟ್ಟೆ."

ಐವತ್ತು ವರ್ಷ ಬಾರದ ಬಾಯಿ ಅವತ್ತು ಬಂತು. ನಾಗಮ್ಮ ಅವರ ಕೈ ಮೇಲೆ ಕೈಯಿಟ್ಟರು.

"ಬಿಡಿ ಗಾಮಣ್ಣ. ನನ್ನ ಸಮಾಧಾನಕ್ಕೆ ಅಂತ ನೀವ್ಯಾಕೆ ತಪ್ಪು ಮೈಮೇಲೆ ಎಳ್ಕಳ್ತೀರಿ. ಪುಸ್ತಕದಲ್ಲೇ ಇದೆಯಲ್ಲ."

"ಅವರು ಹೇಳೋದು ನಿಜ ಅಮ್ಮ," ಅಂದೆ ನಾನು. "ಒಂಬತ್ತು ಅಂತ ಇದ್ದಿದ್ದನ್ನ ನಾನು ಕಣ್ಣಾರೆ ನೋಡಿದೀನಿ."

"ನೀವ್ಯಾರು?"

"ಈ ಪುಸ್ತಕದ ತಪ್ಪು ತಿದ್ದಿದವಳು."

ನಾಗಮ್ಮ ನನ್ನನ್ನು ಮರ್ಯಾದೆಯಿಂದಲೇ ನೋಡಿದರು. "ನೀವು ತಿದ್ದಿದ್ ಮೇಲೇ ಅಲ್ವಾ ಇದು ಅಚ್ಚಾಗಿದ್ದು?" ಅಂದರು.

ಅವರು ಗಾಮಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡು, ಸೆರಗಿನಿಂದ ರಕ್ಷಾಪುಟ ಒರೆಸಿ, ಮೊಮ್ಮಗಳಿಗೆ ಕೊಟ್ಟರು.

"ಜೋಪಾನವಾಗಿ ಚೀಲಕ್ಕೆ ಹಾಕು. ನಿನ್ನ ಅಜ್ಜನ ಫೋಟೋ ಮುಂದೆ ಇಡ್ತೀನಿ. ಈಗಾದ್ರೂ ಸರಿಯಾಗಿ ಓದ್ಲಿ."